ಮಣೆ ತುಂಬುವ ಮೊದಲು

ಆ ಶಬ್ದ ಕೇಳಿದಾಗ ನಾನು ಒಂದು ಜೀಪಿನ ಅಡಿಯಲ್ಲಿ ಮಲಗಿದ್ದೆ. ಬ್ರೇಕ್ ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಶಬ್ದ. ಸಿದ್ಧಕಟ್ಟೆಯಲ್ಲಿ ಮೂವತ್ತೆಂಟು ವರ್ಷ ಗ್ಯಾರೇಜು ನಡೆಸಿದವನು ಅದು ಏನೆಂದು ಎದ್ದು ನೋಡಬೇಕಾಗಿಲ್ಲ. ಯಾವ ಮಂಡೆ ಸರಿಯಿಲ್ಲದವನು ಪ್ಯಾಡ್ ಪೂರ್ತಿ ಸವೆಯುವವರೆಗೆ ಓಡಿಸಿದ್ದಾನೆ, ನಾಲ್ಕು ಬೈಯಬೇಕು ಎಂದುಕೊಂಡೇ ಹೊರಗೆ ಜಾರಿದೆ. ಮಳೆಯಲ್ಲಿ ನಿಂತಿದ್ದದ್ದು ಮೂಡುಬಿದಿರೆಯ ಶಂಭಣ್ಣನ ಬಿಳಿ ಕಾರು. ಬೈಗುಳ ನುಂಗಿಕೊಂಡೆ.

ಶಂಭಣ್ಣನನ್ನು ಬೈಯುವ ಹಾಗಿಲ್ಲ. ಗಾಡಿಯನ್ನು ಅವರಷ್ಟು ಚೆನ್ನಾಗಿ ನೋಡಿಕೊಳ್ಳುವವರು ಈ ಸುತ್ತಿನಲ್ಲಿ ಇಲ್ಲ. ಎರಡು ಸಾವಿರದ ಎಂಟರ ಸಣ್ಣ ಕಾರು, ಈಗಲೂ ಮದುಮಗಳ ಹಾಗೆ ಉಂಟು. ಮೂಡುಬಿದಿರೆ ಪೇಟೆಯಲ್ಲಿ ಅವರದೊಂದು ಹೋಟೆಲು. ಬೆಳಿಗ್ಗೆ ಐದಕ್ಕೆ ಸ್ಕೂಟರಿನಲ್ಲಿ ಹೋದರೆ ಮನೆಗೆ ಬರುವುದು ಮಧ್ಯಾಹ್ನ ಎರಡಕ್ಕೆ. ಕಾರು ಶೆಡ್ಡಿನಲ್ಲೇ ಇರುತ್ತದೆ, ಏಕೆಂದರೆ ಗಾಡಿಗೆ ಕಿಲೋಮೀಟರ್ ಎಂದರೆ ಆಯುಷ್ಯ, ಸುಮ್ಮನೆ ಖರ್ಚು ಮಾಡಬಾರದು ಎಂದು ಅವರ ನಂಬಿಕೆ. ಕಂಪೆನಿಯವರು ಕೊಟ್ಟ ಸರ್ವೀಸು ಪುಸ್ತಕ ಅವರಿಗೆ ಬಾಯಿಪಾಠ. ಅದರ ಜೊತೆಗೆ ಒಂದು ಉದ್ದದ ನೋಟ್ ಪುಸ್ತಕ. ಕಾರು ಶೆಡ್ಡಿನಿಂದ ಹೊರಗೆ ಬಂದರೆ ಅದರಲ್ಲಿ ಒಂದು ಸಾಲು ಬೀಳಲೇಬೇಕು. ದಿನಾಂಕ, ಎಲ್ಲಿಂದ, ಎಲ್ಲಿಗೆ, ಮೀಟರ್ ಎಷ್ಟು, ಕೊನೆಯಲ್ಲಿ ‘ಕಾರಣ’ ಎಂದು ಒಂದು ಕಾಲಂ. ಮದುವೆ, ಸತ್ತವರ ಬೊಜ್ಜ, ಆಸ್ಪತ್ರೆ, ಬೀಗರ ಮನೆ. ಕಾರಣ ಇಲ್ಲದೆ ಆ ಕಾರು ಗೇಟು ದಾಟಿದ್ದಿಲ್ಲ.

ಹಾಗೆಂದು ಅವರು ತಿಳಿದುಕೊಂಡಿದ್ದರು. ಹಾಗೆ ತಿಳಿದುಕೊಳ್ಳುವಂತೆ ಮಾಡಿದವನು ನಾನು.

ಎರಡು ವರ್ಷದ ಹಿಂದಿನ ಮಳೆಗಾಲ. ಶಂಭಣ್ಣ ನನ್ನಲ್ಲಿ ಮುಂದಿನ ಬ್ರೇಕಿಗೆ ಹೊಸ ಪ್ಯಾಡ್ ಹಾಕಿಸಿಕೊಂಡು ಹೋಗಿ ವಾರ ಆಗಿತ್ತು. ಒಂದು ಬೆಳಿಗ್ಗೆ ಅದೇ ಕಾರು ಬಂತು, ಸ್ಟೇರಿಂಗಿನಲ್ಲಿ ಅವರ ಹೆಂಡತಿ ನೀಲಾವತಿ. ನೀಲಕ್ಕ ಮಗಳ ಜೊತೆ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡದ್ದು ಹೌದು, ಆದರೆ ಒಬ್ಬರೇ ಓಡಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಳಿದು ಬಂದು, “ಹನೀಫಾಕ, ಈ ಮೀಟರನ್ನು ಹಿಂದೆ ತಿರುಗಿಸ್ಲಿಕ್ಕೆ ಆಗ್ತದಾ?” ಎಂದು ಕೇಳಿದರು.

ನನಗೆ ಸಿಟ್ಟು ಬಂತು. ಅದು ಕಳ್ಳರ ಕೆಲಸ, ನನ್ನ ಗ್ಯಾರೇಜಿನಲ್ಲಿ ನಡೆಯುವುದಿಲ್ಲ ಎಂದೆ. ಅವರು ಪುನಃ ಕಾರಿನ ಕಡೆ ತಿರುಗಿದರು.

“ಶಂಭಣ್ಣನ ಹತ್ತಿರ ಕೇಳಿಯೇ ತೆಕ್ಕೊಂಡು ಬನ್ನಿ ಅಕ್ಕ. ಅವರು ಬೇಡ ಅನ್ನುವ ಜನ ಅಲ್ಲ.”

“ಬೇಡ ಅನ್ನುವುದಿಲ್ಲ. ಕಾರಣ ಏನು ಅಂತ ಕೇಳ್ತಾರೆ.”

ಹೇಳಿ ನೆಲ ನೋಡಿದರು. ಐವತ್ತೈದು ದಾಟಿದ ಹೆಂಗಸು, ಮೂವತ್ತು ವರ್ಷ ಹೋಟೆಲಿಗೆ ಸಾಂಬಾರು ಪುಡಿ ಕುಟ್ಟಿಕೊಟ್ಟವರು, ಶಾಲೆಯ ಹುಡುಗಿಯ ಹಾಗೆ ನಿಂತಿದ್ದರು. ನನಗೂ ಕಾರಣ ಏನು ಎಂದು ಕೇಳುವ ಮನಸ್ಸಾಗಿತ್ತು, ಕೇಳಲಿಲ್ಲ. ಬಾನೆಟ್ ತೆರೆದು, ಗೇರ್ ಬಾಕ್ಸಿನಿಂದ ಮೀಟರಿಗೆ ಹೋಗುವ ಕೇಬಲ್ ಎಲ್ಲಿ ಉಂಟು, ಅದರ ತಿರುಗಣಿಯನ್ನು ಕೈಯಲ್ಲೇ ಬಿಚ್ಚಿ ಪುನಃ ಕೂಡಿಸುವುದು ಹೇಗೆ ಎಂದು ತೋರಿಸಿಕೊಟ್ಟೆ. ಕೇಬಲ್ ಬಿಚ್ಚಿದರೆ ಮುಳ್ಳು ಏಳುವುದಿಲ್ಲ, ಅಂಕೆ ಓಡುವುದಿಲ್ಲ. ಆ ದಿನ ಬರುವಾಗ ಓಡಿದ ಹದಿನೈದು ಕಿಲೋಮೀಟರಿಗೆ, ಬ್ರೇಕ್ ಟ್ರಯಲ್ ನೋಡಲು ನಾನೇ ಕಾರು ತರಿಸಿಕೊಂಡದ್ದು ಎಂದು ಶಂಭಣ್ಣನಿಗೆ ಫೋನಿನಲ್ಲಿ ಹೇಳಿದೆ. ಹಿಂದೆ ತಿರುಗಿಸುವುದು ಕಳ್ಳತನವಾದರೆ ಇದೂ ಕಳ್ಳತನವೇ, ನನಗೆ ಗೊತ್ತಿತ್ತು.

ಆದರೆ ಒಂದು ಶರತ್ತು ಹಾಕಿದೆ. “ಮೀಟರಿಗೆ ಸುಳ್ಳು ಹೇಳಬಹುದು ಅಕ್ಕ, ಎಂಜಿನಿಗೆ ಹೇಳ್ಲಿಕ್ಕೆ ಆಗುವುದಿಲ್ಲ. ನೀವು ಎಷ್ಟು ಓಡಿಸಿದ್ದೀರಿ ಅಂತ ನನಗೆ ಸರಿಯಾದ ಲೆಕ್ಕ ಬೇಕು. ಐದು ಸಾವಿರ ಆದಾಗ ಇಲ್ಲಿಗೆ ಬರಬೇಕು.”

“ಬರೆದಿಟ್ಟರೆ ಅವರ ಕಣ್ಣಿಗೆ ಬೀಳ್ತದೆ” ಎಂದು ಸ್ವಲ್ಪ ಯೋಚಿಸಿ, “ಚೆನ್ನೆಮಣೆಯಲ್ಲಿ ಇಡ್ತೇನೆ” ಎಂದರು.

ಚೆನ್ನೆಮಣೆ ಎಂದರೆ ನಮ್ಮಲ್ಲಿ ಆಟಿ ತಿಂಗಳ ಮಳೆಯಲ್ಲಿ ಹೆಂಗಸರು ಮಕ್ಕಳು ಕೂತು ಆಡುವ ಮರದ ಮಣೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಕೆಂಪು ಮಂಜೊಟ್ಟಿ ಕಾಳು. ಆಟಿ ಬಿಟ್ಟು ಉಳಿದ ತಿಂಗಳಲ್ಲಿ ಅವರ ಮನೆಯಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ, ಕಪಾಟಿನ ಮೇಲೆ ಬಿದ್ದಿರುತ್ತದೆ. ನೀಲಕ್ಕನ ದಾರಿ ಯಾವಾಗಲೂ ಒಂದೇ. ಮೂಡುಬಿದಿರೆಯಿಂದ ಸಿದ್ಧಕಟ್ಟೆ, ಬಂಟ್ವಾಳ, ಮಡಂತ್ಯಾರು, ಬೆಳ್ತಂಗಡಿ, ನಾರಾವಿ, ಶಿರ್ತಾಡಿ, ಪುನಃ ಮೂಡುಬಿದಿರೆ. ಒಂದು ಸುತ್ತಿಗೆ ತೊಂಬತ್ತು ಕಿಲೋಮೀಟರ್. ಸುತ್ತು ಮುಗಿಸಿ ಬಂದು ಮಣೆಗೆ ಒಂದು ಕಾಳು. ಮಣೆ ತುಂಬಿದರೆ ಐದು ಸಾವಿರದ ನಲವತ್ತು. ನಾನು ಕಾಗದದಲ್ಲಿ ಗುಣಿಸಿ ನೋಡಿ ಬಾಯಿ ಬಿಟ್ಟೆ. ಕಂಪೆನಿಯವರಿಗೂ ಇಷ್ಟು ಚಂದದ ಸರ್ವೀಸು ಪುಸ್ತಕ ಮಾಡಲು ಆಗಿಲ್ಲ.

ಅಂದಿನಿಂದ ವಾರಕ್ಕೆ ಒಂದೋ ಎರಡೋ ಸಲ ಬಿಳಿ ಕಾರು ನನ್ನ ಗ್ಯಾರೇಜಿನ ಎದುರು ಹಾದುಹೋಗುತ್ತಿತ್ತು. ಒಂದು ಸಣ್ಣ ಹಾರನ್. ನಾನು ಸ್ಪ್ಯಾನರ್ ಎತ್ತಿ ತೋರಿಸುತ್ತಿದ್ದೆ. ಪೆಟ್ರೋಲ್ ಅವರೇ ಹಾಕಿಸಿ ಮುಳ್ಳನ್ನು ಮೊದಲಿದ್ದಲ್ಲಿಗೆ ತಂದು ನಿಲ್ಲಿಸುತ್ತಿದ್ದರು. ಕೇಬಲ್ ಬಿಚ್ಚಿ ಉಗುರು ಕಪ್ಪಾದರೆ ಮನೆಯಲ್ಲಿ ಬಾಳೆಯ ಕಲೆ ಎನ್ನುತ್ತಿದ್ದರು. ಕಾರು ಹೋಗುವುದನ್ನು ದಾರಿಯವರು ನೋಡಿರಬಹುದು, ಕದ್ದು ಓಡಿಸುವುದೆಂದು ಗೊತ್ತಿದ್ದದ್ದು ನನಗೊಬ್ಬನಿಗೆ. ಮಣೆ ತುಂಬಿದ ದಿನ ಫೋನು ಬರುತ್ತಿತ್ತು. “ಹನೀಫಾಕ, ಮಣೆ ತುಂಬಿತು.” ಮರುದಿನ ಬಂದರೆ ಎಣ್ಣೆ, ಫಿಲ್ಟರ್, ಬ್ರೇಕ್ ಎಲ್ಲ ನೋಡಿ ಹನ್ನೊಂದರೊಳಗೆ ಕಳಿಸುತ್ತಿದ್ದೆ. ಮಧ್ಯೆ ಎಲ್ಲೋ ಇಳಿದು ಯಾರನ್ನೋ ನೋಡಲು ಹೋಗುತ್ತಾರೆ ಎಂದೇ ನಾನು ತಿಳಿದಿದ್ದೆ. ಕಾಯಿಲೆಯವರು ಯಾರಾದರೂ ಇರಬಹುದು, ಮಾತು ಬಿಟ್ಟ ಸಂಬಂಧಿಕರು ಇರಬಹುದು. ನನಗೇಕೆ?

ಕಳೆದ ದಶಂಬರದಲ್ಲಿ ಎರಡನೆಯ ಮಣೆ ತುಂಬಿದಾಗ ಪ್ಯಾಡ್ ತೆಳ್ಳಗಾಗಿತ್ತು. ಅಂದೇ ಬದಲಿಸಬೇಕಿತ್ತು. ಅಂಗಡಿಯಲ್ಲಿ ಆ ಸೈಜು ಇರಲಿಲ್ಲ, ಅವರಿಗೆ ಮನೆ ಸೇರುವ ಅವಸರ. “ಮುಂದಿನದಕ್ಕೆ ಮಣೆ ತುಂಬುವವರೆಗೆ ಕಾಯಬೇಡಿ, ಒಂದು ಬದಿಯ ಏಳು ಗುಳಿ ತುಂಬಿದ ಕೂಡಲೇ ಬನ್ನಿ” ಎಂದೆ. ಆಯಿತು ಎಂದಿದ್ದರು. ಮಾರ್ಚಿನಲ್ಲಿ ಶಂಭಣ್ಣ ವರ್ಷದ ಸರ್ವೀಸಿಗೆ ಬಂದು ಸ್ಟೂಲು ಹಾಕಿ ಕೂತರು. ಎಣ್ಣೆ ಮಾತ್ರ, ಚಕ್ರ ಬಿಚ್ಚುವುದು ಪುಸ್ತಕದಲ್ಲಿ ಇಲ್ಲ. ಏಳು ಗುಳಿ ತುಂಬಿದ ಫೋನು ಏಪ್ರಿಲಿನಲ್ಲಿ ಬರಲಿಲ್ಲ, ಮೇಯಲ್ಲಿ ಬರಲಿಲ್ಲ. ಕಾರು ಮಾತ್ರ ಹೋಗುತ್ತಲೇ ಇತ್ತು, ಹಾರನ್ ಹೊಡೆಯುತ್ತಲೇ ಇತ್ತು. ನಾನು ಕೂತು ಎಣಿಸಲಿಲ್ಲ. ಮಣೆ ಎಣಿಸುತ್ತದಲ್ಲ ಎಂಬ ಧೈರ್ಯ.

ಈಗ ಆಟಿಯ ಮಳೆಯಲ್ಲಿ, ಆ ಶಬ್ದ ಮಾಡಿಕೊಂಡು ಕಾರು ಬಂದು ನಿಂತಿದೆ. ಸ್ಟೇರಿಂಗಿನಲ್ಲಿ ಶಂಭಣ್ಣ.

“ಹನೀಫ್, ಗಾಳಿ ನೋಡು. ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆಗೆ ಹೋಗ್ಲಿಕ್ಕುಂಟು. ಸಂಜೆ ಇಳಿದು ಬರುವುದು.”

ಹಿಂದಿನ ಸೀಟಿನಲ್ಲಿ ಅವರ ಮಗಳ ಮಗಳು ಸಾತ್ವಿಕಾ, ಎಂಟೊಂಬತ್ತು ವರ್ಷ. ಮಳೆಗೆ ಡಿಸಿ ಶಾಲೆಗೆ ರಜೆ ಕೊಟ್ಟಿದ್ದರು. ಅವಳು ಇರುವುದು ಅಜ್ಜನ ಮನೆಯಲ್ಲೇ, ಅಪ್ಪನಿಗೆ ಮೂಡಿಗೆರೆಯಲ್ಲಿ ಕೆಲಸ, ಅವನನ್ನು ನೋಡಿ ಬರಲು ಅಜ್ಜನ ಜೊತೆ ಹೊರಟಿದ್ದಾಳೆ. ನೀಲಕ್ಕ ಹೋಟೆಲಿನ ಗಲ್ಲಾದಲ್ಲಿ.

“ಶಂಭಣ್ಣ, ಮುಂದಿನ ಚಕ್ರ ಒಮ್ಮೆ ಬಿಚ್ಚುವ. ಬ್ರೇಕಿನ ಶಬ್ದ ಸರಿ ಇಲ್ಲ.”

ಅವರು ನೋಟ್ ಪುಸ್ತಕ ತೆಗೆದರು. ಬೆರಳು ಸಾಲಿನ ಮೇಲೆ ಜಾರಿತು. “ಪ್ಯಾಡ್ ಹಾಕಿದ್ದು ನಲವತ್ತೊಂದು ಸಾವಿರದ ಇನ್ನೂರಕ್ಕೆ. ಈಗ ನಲವತ್ತೆರಡು ಸಾವಿರದ ಆರುನೂರ ಐವತ್ತು. ಆದದ್ದು ಒಂದು ಸಾವಿರದ ನಾನೂರ ಐವತ್ತು. ಪುಸ್ತಕದಲ್ಲಿ ಹತ್ತು ಸಾವಿರಕ್ಕೆ ನೋಡ್ಲಿಕ್ಕೆ ಹೇಳಿದ್ದಾರೆ. ಯಾಕೆ ಬಿಚ್ಚುವುದು?”

“ಶಬ್ದ ಕೇಳ್ತದಲ್ಲ ಅಣ್ಣ.”

“ಮಳೆಗಾಲದಲ್ಲಿ ನಿಂತ ಗಾಡಿಯ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ.” ಓದಿ ಹೇಳಿದ ಹಾಗೆ ಹೇಳಿದರು. ನಿಜವಾಗಿ ಓದಿಯೇ ಹೇಳಿದ್ದು, ಪುಸ್ತಕವನ್ನು ನನ್ನ ಮೂಗಿನ ಕೆಳಗೆ ಹಿಡಿದರು. “ಹೋದ ವರ್ಷ ಜೂನ್ ಹದಿನೇಳನೇ ತಾರೀಕು. ಹೇಳಿದ್ದು ಯಾರು? ನೀನು.”

ಹೌದು, ನಾನೇ. ಕಳೆದ ಮಳೆಗಾಲದಲ್ಲಿ ಪ್ಯಾಡ್ ಯಾಕೆ ಕರಕರ ಅನ್ನುತ್ತದೆ ಎಂದು ಅವರು ಕೇಳಿದಾಗ, ಕಾರು ಓಡುತ್ತಲೇ ಇರುತ್ತದೆ ಎನ್ನಲು ಆಗದೆ, ನಿಂತು ತುಕ್ಕು ಹಿಡಿದಿದೆ ಎಂದು ಬಿಟ್ಟಿದ್ದೆ. ಅದನ್ನೂ ಬರೆದಿಟ್ಟಿದ್ದಾರೆ ಮಾರಾಯರು.

“ಹತ್ತು ನಿಮಿಷದ ಕೆಲಸ. ಹೊಸ ಪ್ಯಾಡ್ ಇಲ್ಲೇ ಉಂಟು, ನನಗೆ ದುಡ್ಡು ಬೇಡ.”

ಅಲ್ಲಿ ತಪ್ಪಿದೆ. ಅವರ ಹುಬ್ಬು ಮೇಲೆ ಹೋಯಿತು. ಪುಕ್ಕಟೆ ಎಂದ ಕೂಡಲೇ ಅವರಿಗೆ ಸಂಶಯ. “ನೀನು ಹೀಗೆ ಇರಲಿಲ್ಲ ಹನೀಫ್. ಸಾಮಾನು ಖರ್ಚಾಗದಿದ್ದರೆ ಹೇಳು, ಬೇರೆಯವರ ಗಾಡಿಗೆ ಹಾಕು. ಲೆಕ್ಕ ಇಟ್ಟವನ ಹತ್ತಿರ ಬೇಡ.” ಗಾಜು ಏರಿಸಲು ತೊಡಗಿದರು.

ನಿಜ ಹೇಳಿಬಿಡಬೇಕು.  ಆದರೆ ಹೇಳಲು ಅದು ನನ್ನ ಗುಟ್ಟಲ್ಲ, ಮೂವತ್ತೈದು ವರ್ಷ ಸಂಸಾರ ಮಾಡಿದ ಹೆಂಗಸಿನ ಗುಟ್ಟು. ಅದೂ ಎಷ್ಟು ಸವೆದಿದೆ ಎಂದು ನೋಡದೆ? ಮಣೆಯಲ್ಲಿ ಏಳು ಗುಳಿಯೇ ತುಂಬದಿದ್ದರೆ? ನಿಜವಾಗಿಯೂ ತುಕ್ಕೇ ಆಗಿದ್ದರೆ?

ಹೀಗೆ ಲೆಕ್ಕ ಹಾಕುತ್ತ ಹಿಂದಿನ ಕಿಟಕಿಯ ಬಳಿ ನಿಂತಿದ್ದೆ. ಒಳಗೆ ಸಾತ್ವಿಕಾ ತೊಡೆಯ ಮೇಲೆ ಒಂದು ಬುತ್ತಿ ಡಬ್ಬ ಇಟ್ಟುಕೊಂಡು ಆಡುತ್ತಿದ್ದಳು. ಡಬ್ಬದ ತುಂಬ ಕೆಂಪು ಮಂಜೊಟ್ಟಿ.

 “ಇದು ಎಲ್ಲಿಂದ ಪುಟ್ಟಿ?”

“ಅಜ್ಜಿಯ ಮಣೆಯಿಂದ. ಅಜ್ಜಿ ಒಂದೊಂದೇ ಹಾಕ್ತಾರೆ ಮಾಮ, ನಾನು ಒಂದೊಂದೇ ತೆಗೀತೇನೆ. ಬೇಸಿಗೆ ರಜೆಯಿಂದ. ಐವತ್ತಾರು ಆದ ಮೇಲೆ ನನ್ನದೇ ಒಂದು ಆಟ ಆಗ್ತದೆ.”

“ಎಷ್ಟಾಯ್ತು?”

“ಮೂವತ್ತೊಂದು.”

ಕಾರು ಹೊರಟಿತು. ಮೂವತ್ತೊಂದು ತೊಂಬತ್ತಲೇ ಎಷ್ಟು ಎಂದು ನನ್ನ ಮಂಡೆ ತಾನಾಗಿ ಗುಣಿಸುತ್ತಿತ್ತು. ಎರಡು ಸಾವಿರದ ಏಳುನೂರ ತೊಂಬತ್ತು ಕಿಲೋಮೀಟರ್ ಆ ಮಗುವಿನ ಬುತ್ತಿ ಡಬ್ಬದಲ್ಲಿತ್ತು. ಅದಕ್ಕಾಗಿಯೇ ಏಳು ಗುಳಿ ತುಂಬಲಿಲ್ಲ. ಅದಕ್ಕಾಗಿಯೇ ಫೋನು ಬರಲಿಲ್ಲ. “ಶಂಭಣ್ಣ, ನಿಲ್ಲಿಸಿ!” ಎಂದು ಕೂಗಿದೆ. ಗಾಜು ಮೇಲಿತ್ತು, ಮಳೆ ಜೋರಿತ್ತು. ಒಳರಸ್ತೆಗೆ ತಿರುಗುವಲ್ಲಿ ಬ್ರೇಕ್ ಒತ್ತಿದರು. ಮತ್ತೆ ಅದೇ ಶಬ್ದ ನನ್ನ ಹಲ್ಲಿಗೆ ತಾಗಿತು.

ಅವರಿಗೆ ಫೋನು ಮಾಡಿ ಪ್ರಯೋಜನ ಇಲ್ಲ. ಗಾಡಿ ಓಡಿಸುವಾಗ ಫೋನು ಎತ್ತದಿರುವುದು ಅವರ ಇನ್ನೊಂದು ನಿಯಮ. ನೀಲಕ್ಕನಿಗೆ ಮಾಡಿದೆ. ಹಿಂದಿನಿಂದ ಹೋಟೆಲಿನ ಲೋಟಗಳ ಸದ್ದು.

“ಅಕ್ಕ, ಸಾತ್ವಿಕಾ ಮಣೆಯಿಂದ ಕಾಳು ತೆಗೆದಿದ್ದಾಳೆ. ಮೂವತ್ತೊಂದು. ಮಣೆಯಲ್ಲಿ ಈಗ ಎಷ್ಟುಂಟು?”

ಮನಸ್ಸಿನಲ್ಲೇ ಗುಳಿ ಗುಳಿ ಎಣಿಸಿ ಹೇಳಿದರು. “ಹತ್ತೊಂಬತ್ತು.”

“ಹಾಗಾದರೆ ಐವತ್ತು ಸುತ್ತು ಆಗಿದೆ. ಇಪ್ಪತ್ತೆಂಟಕ್ಕೇ ನೀವು ಬರಬೇಕಿತ್ತು. ಪ್ಯಾಡ್ ಮುಗಿದಿದೆ ಅಕ್ಕ. ಅವರು ಚಾರ್ಮಾಡಿಗೆ ಹೊರಟಿದ್ದಾರೆ, ಮಗು ಹಿಂದೆ ಉಂಟು. ನಾನು ಅವರಿಗೆ ಹೇಳಿಬಿಡ್ಲಾ?”

“ನನ್ನ ಹತ್ತಿರ ಕೇಳ್ಲಿಕ್ಕೆ ನಿಂತದ್ದಾ ನೀವು?” ಆ ಸ್ವರವನ್ನು ನಾನು ಅವರ ಬಾಯಲ್ಲಿ ಕೇಳಿರಲಿಲ್ಲ. “ಹೋಗಿ ಹನೀಫಾಕ! ಮೊದಲು ಹೋಗಿ!”

ಪ್ಯಾಡಿನ ಪೆಟ್ಟಿಗೆ, ಜಾಕ್, ನಾಲ್ಕು ಸ್ಪ್ಯಾನರ್ ಗೋಣಿಗೆ ತುರುಕಿ ಬೈಕು ಹತ್ತಿದೆ. ರೈನ್‌ಕೋಟು ಹಾಕಲು ಹೊತ್ತಿರಲಿಲ್ಲ.

ಒಂದೇ ಸಮಾಧಾನ, ಶಂಭಣ್ಣ ನಲವತ್ತರ ಮೇಲೆ ಓಡಿಸುವವರಲ್ಲ. ದೊಡ್ಡ ಪ್ರಯಾಣ ಇದ್ದರೆ ಮಡಂತ್ಯಾರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ ಎಂಜಿನಿಗೆ ವಿಶ್ರಾಂತಿ ಕೊಡುತ್ತಾರೆ. ಅಷ್ಟರೊಳಗೆ ಹಿಡಿಯಬೇಕು. ಆದರೆ ಮಡಂತ್ಯಾರು ಪೇಟೆಗೆ ಮೊದಲು ಒಂದು ಇಳಿಜಾರು ಉಂಟು, ಕೆಳಗೆ ತಿರುವು, ತಿರುವಿನಲ್ಲಿ ಬಸ್ಸು ನಿಲ್ಲುವ ಜಾಗ. ಆ ಇಳಿಜಾರು ನನ್ನ ಕಣ್ಣೆದುರು ಬರುತ್ತಲೇ ಇತ್ತು. ರಸ್ತೆಯ ಗುಂಡಿಗಳೆಲ್ಲ ಕೆಂಪು ನೀರಿನಿಂದ ತುಂಬಿದ್ದವು. ಎರಡು ಸಲ ಬೈಕು ಜಾರಿತು. ನಾನು ಬಾಯಿಗೆ ಬಂದ ದುಆ ಹೇಳುತ್ತಿದ್ದೆ, ನಡುನಡುವೆ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಕೇಬಲ್ ತೋರಿಸಿಕೊಟ್ಟದ್ದು ನೀನು. ತುಕ್ಕು ಎಂದದ್ದು ನೀನು. ಪ್ಯಾಡ್ ಇಲ್ಲ ಎಂದು ಕಳಿಸಿದ್ದು ನೀನು. ಆ ಮಗುವಿಗೆ ಏನಾದರೂ ಆದರೆ ಯಾವ ಮುಖ ಹೊತ್ತು ಬದುಕುತ್ತೀ?

ಇಳಿಜಾರಿನ ತಲೆಯಲ್ಲಿ ಬಿಳಿ ಕಾರು ಕಂಡಿತು. ಆಗಲೇ ಇಳಿಯುತ್ತಿತ್ತು. ಹಿಂದಿನ ಕೆಂಪು ದೀಪ ಹತ್ತಿತ್ತು, ಆರಲೇ ಇಲ್ಲ. ಅಂದರೆ ಶಂಭಣ್ಣ ಬ್ರೇಕ್ ಒತ್ತಿ ಹಿಡಿದಿದ್ದಾರೆ. ಕಾರಿನ ವೇಗ ಮಾತ್ರ ಕಡಿಮೆಯಾಗಲಿಲ್ಲ. ಕೆಳಗೆ ತಿರುವಿನಲ್ಲಿ ಒಂದು ಬಸ್ಸು ನಿಂತು ಜನ ಇಳಿಸುತ್ತಿತ್ತು.

“ಹ್ಯಾಂಡ್ ಬ್ರೇಕ್! ಶಂಭಣ್ಣ, ಹ್ಯಾಂಡ್ ಬ್ರೇಕ್!” ನನ್ನ ಕೂಗು ನನಗೇ ಕೇಳಲಿಲ್ಲ.

ಕಾರು ಬಲಕ್ಕೆ ಎಳೆಯಿತು, ಅವರು ಎಡಕ್ಕೆ ತಿರುಗಿಸಿದರು. ಹಾರನ್ ಒಂದೇ ಸಮನೆ ಕೂಗುತ್ತಿತ್ತು. ಬಸ್ಸಿನಿಂದ ಇಳಿದ ಹೆಂಗಸೊಬ್ಬಳು ತಿರುಗಿ ನೋಡಿ ಛತ್ರಿ ಬಿಟ್ಟು ಹಿಂದಕ್ಕೆ ಹಾರಿದಳು. ಕಾರಿನ ಹಿಂಭಾಗ ಒಮ್ಮೆ ಅಡ್ಡ ಜಾರಿತು, ಛತ್ರಿಯ ಮೇಲೆ ಹೋಯಿತು, ಎಡಗಡೆ ಎದ್ದುನಿಂತ ಮಣ್ಣಿನ ಧರೆಗೆ ಮೂತಿ ಒತ್ತಿ ನಿಂತಿತು. ಬಸ್ಸಿಗೂ ಅದಕ್ಕೂ ನಡುವೆ ಒಂದು ಕೈ ಅಂತರ ಇತ್ತು, ಅಷ್ಟೆ.

ಬೈಕನ್ನು ಬೀಳಲು ಬಿಟ್ಟು ಓಡಿದೆ. ಹಿಂದಿನ ಬಾಗಿಲು ತೆರೆದೆ. ಸಾತ್ವಿಕಾ ಸೀಟಿನ ಕೆಳಗೆ ಕೂತಿದ್ದಳು, ಏನೂ ಆಗಿರಲಿಲ್ಲ. “ಮಾಮ, ಕಾಳು ಎಲ್ಲ ಚೆಲ್ಲಿತು” ಎಂದು ಅಳತೊಡಗಿದಳು. ನನಗೂ ಅಳು ಬಂತು. ಮಳೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಶಂಭಣ್ಣ ಸ್ಟೇರಿಂಗ್ ಬಿಟ್ಟಿರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಇಳಿಸಬೇಕಾಯಿತು. ಜನ ಸೇರಿದರು. ಬಸ್ಸಿನವರು, ಅಂಗಡಿಯವರು. ನಾನು ಮಾತಾಡದೆ ಜಾಕ್ ಕೊಟ್ಟು ಬಲದ ಚಕ್ರ ಬಿಚ್ಚಿ ಪ್ಯಾಡ್ ತೆಗೆದು ಅವರ ಅಂಗೈಯಲ್ಲಿ ಇಟ್ಟೆ. ಪ್ಯಾಡ್ ಎನ್ನುವುದು ಅದರಲ್ಲಿ ಏನೂ ಉಳಿದಿರಲಿಲ್ಲ, ಬರೀ ತಗಡು. ಡಿಸ್ಕಿನಲ್ಲಿ ಉಳುಮೆ ಮಾಡಿದ ಹಾಗೆ ಗೆರೆ.

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮತ್ತೆ ಒದ್ದೆ ಕೈಯಲ್ಲೇ ನೋಟ್ ಪುಸ್ತಕ ತೆರೆದರು.

“ಸಾವಿರದ ನಾನೂರ ಐವತ್ತು” ಎಂದರು. “ಸಾವಿರದ ನಾನೂರ ಐವತ್ತಕ್ಕೆ ಪ್ಯಾಡ್ ಮುಗಿಯುವುದಾ?” ಸ್ವರ ಏರಿತು. “ನೀನು ನನಗೆ ಡುಪ್ಲಿಕೇಟ್ ಹಾಕಿದ್ದು! ಅದಕ್ಕೇ ಆಗ ಪುಕ್ಕಟೆ ಬದಲಿಸುತ್ತೇನೆ ಅಂದದ್ದು. ಅದಕ್ಕೇ ಹಿಂದೆ ಓಡಿಕೊಂಡು ಬಂದದ್ದು. ನಿನಗೆ ಗೊತ್ತಿತ್ತು!”

ಜನ ನನ್ನ ಕಡೆ ತಿರುಗಿದರು. ಅದರಲ್ಲಿ ನನ್ನ ಗಿರಾಕಿಗಳೇ ನಾಲ್ಕೈದು ಮಂದಿ ಇದ್ದರು. ಹಸೈನಾರ್ ಎಂಬವನ ಜೀಪು ಆ ಹೊತ್ತಿಗೂ ನನ್ನ ಗ್ಯಾರೇಜಿನಲ್ಲೇ ಇತ್ತು, ಅವನೂ ನೋಡುತ್ತಿದ್ದ. ಮೂವತ್ತೆಂಟು ವರ್ಷದಲ್ಲಿ ನಾನು ಒಂದು ನಟ್ಟನ್ನೂ ಡುಪ್ಲಿಕೇಟ್ ಹಾಕಿದವನಲ್ಲ. ಮೈಯೆಲ್ಲ ಉರಿಯಿತು. ಬಾಯಿ ತೆರೆದರೆ ನಾನು ಉಳಿಯುತ್ತೇನೆ, ನೀಲಕ್ಕ ಉಳಿಯುವುದಿಲ್ಲ. ಇಷ್ಟು ಜನರ ಎದುರು, ಹೆಂಡತಿ ಎರಡು ವರ್ಷ ಕದ್ದು ಕಾರು ಓಡಿಸಿದಳು ಎಂದು ಒಬ್ಬ ಗಂಡನಿಗೆ ಹೇಳುವುದು ಹೇಗೆ? ಮೊದಲ ಪ್ರಶ್ನೆ ಎಲ್ಲಿಗೆ ಎಂದು ಬರುತ್ತದೆ. ಅದಕ್ಕೆ ನನ್ನಲ್ಲೂ ಉತ್ತರ ಇಲ್ಲ.

“ಹೌದು” ಎಂದೆ. “ಪ್ಯಾಡ್ ಸರಿ ಇರಲಿಲ್ಲ. ತಪ್ಪು ನನ್ನದು.”

ಗುಂಪಿನಲ್ಲಿ ಯಾರೋ ಛೆ ಎಂದರು. ಆ ಛೆ ಈಗಲೂ ನನ್ನ ಕಿವಿಯಲ್ಲಿ ಉಂಟು.

ಶಂಭಣ್ಣ ಹೆಂಡತಿಗೆ ಫೋನು ಹಚ್ಚಿದರು. ಅವರಿಗೆ ಕಿವಿ ಸ್ವಲ್ಪ ಮಂದ, ಯಾವಾಗಲೂ ಸ್ಪೀಕರಿನಲ್ಲೇ ಮಾತು. “ನೀಲಾ, ಮಗು ಸತ್ತು ಬದುಕಿತು. ಈ ಹನೀಫ ಡುಪ್ಲಿಕೇಟ್ ಪ್ಯಾಡ್ ಹಾಕಿದ್ದನಂತೆ. ತಾನೇ ಒಪ್ಪಿಕೊಂಡ.”

“ಸಾತ್ವಿಕಾ?”

“ಏನೂ ಆಗ್ಲಿಲ್ಲ. ಇಲ್ಲೇ ಇದ್ದಾಳೆ.”

ಉಸಿರು ಬಿಟ್ಟದ್ದು ಕೇಳಿತು. ಅದರ ಹಿಂದೆ ಹೋಟೆಲಿನ ಗಲಾಟೆ, ಯಾರೋ ಎರಡು ಬನ್ಸ್ ಎಂದು ಕೂಗಿದ್ದು. ಆಮೇಲೆ ನೀಲಕ್ಕ ಒಂದೊಂದೇ ಶಬ್ದ ಬಿಡಿಸಿ ಹೇಳಿದರು. “ಹನೀಫಾಕ ಕಳ್ಳ ಅಲ್ಲ. ಆ ಪ್ಯಾಡ್ ನಾನು ಸವೆಸಿದ್ದು. ಕೇಬಲ್ ಬಿಚ್ಚಿಟ್ಟು ಓಡಿಸಿದ್ದು. ಹದಿನಾಲ್ಕು ಸಾವಿರದ ಐನೂರ ಎಂಬತ್ತು ಕಿಲೋಮೀಟರ್.”

ಜನ ನನ್ನನ್ನು ಬಿಟ್ಟು ಫೋನಿನ ಕಡೆ ತಿರುಗಿದರು. ಆ ಕಡೆ ಹೋಟೆಲಿನಲ್ಲೂ ಲೋಟದ ಸದ್ದು ನಿಂತಿತ್ತು.

“ಎಲ್ಲಿಗೆ?” ಎಂದರು ಶಂಭಣ್ಣ.

“ಎಲ್ಲಿಗೂ ಇಲ್ಲ. ಮೂಡುಬಿದಿರೆಯಿಂದ ಹೊರಟು ಮೂಡುಬಿದಿರೆಗೆ ಬರುವುದು.”

“ನಡುವೆ ಯಾರ ಮನೆ?”

“ಯಾರ ಮನೆಯೂ ಇಲ್ಲ. ನಾನು ಎಲ್ಲಿಯೂ ಇಳಿಯುವುದಿಲ್ಲ.”

“ಮತ್ತೆ ಕಾರಣ ಏನು?” ಅವರ ಕೈಯಲ್ಲಿ ಪೆನ್ನು ಇತ್ತು. ಅಭ್ಯಾಸಬಲ, ತೆಗೆದದ್ದು ಅವರಿಗೇ ಗೊತ್ತಿರಲಿಕ್ಕಿಲ್ಲ.

“ಕಾರಣ ಇಲ್ಲ. ಸುಮ್ಮನೆ. ನನಗೆ ಖುಷಿ ಆಗ್ತದೆ.” ಸ್ವರ ಒಡೆಯಿತು. “ಮೂವತ್ತೈದು ವರ್ಷದಲ್ಲಿ ಕಾರಣ ಇಲ್ಲದೆ ನಾನು ಗೇಟು ದಾಟಿದ್ದು ಅದೊಂದೇ. ನಿಮ್ಮ ಪುಸ್ತಕದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಈ ಪಾಪ ಎಲ್ಲ ನನ್ನದು, ಅವರನ್ನು ಬಿಡಿ.”

ಎರಡು ವರ್ಷ ನಾನು ಏನೇನೋ ಊಹಿಸಿದ್ದೆ. ಕಾಯಿಲೆಯ ತಂಗಿ, ಹರಕೆ, ಜಗಳ. ಒಬ್ಬ ಹೆಂಗಸು ಸುಮ್ಮನೆ ರಸ್ತೆ ನೋಡಿಕೊಂಡು ಹೋಗಬಹುದು ಎಂದು ನನಗೂ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಶಂಭಣ್ಣ ಫೋನು ಕಿಸೆಗೆ ಹಾಕಿದರು. ನನ್ನ ಮುಖ ನೋಡಿ, “ಎರಡು ವರ್ಷ ನನ್ನ ಎದುರು ನಿಂತು ತುಕ್ಕು ಅಂದಿ” ಎಂದರು. ಅಷ್ಟೇ. ಡುಪ್ಲಿಕೇಟ್ ಎಂದದ್ದಕ್ಕಿಂತ ಇದು ಹೆಚ್ಚು ತಾಗಿತು, ಏಕೆಂದರೆ ಇದು ನಿಜ. ಸಾತ್ವಿಕಾಳ ಕೈ ಹಿಡಿದು ಎದುರಿನಿಂದ ಬಂದ ಬಸ್ಸು ಹತ್ತಿ ಹೋದರು. ಹಸೈನಾರ್ ನನ್ನ ಬಳಿ ಬಂದು ಜಾಕ್ ಹಿಡಿದುಕೊಂಡ. ನಾನು ಕಾರಿನೊಳಗೆ ಬಗ್ಗಿ ಚೆಲ್ಲಿದ ಕಾಳು ಹೆಕ್ಕಿದೆ. ಮೂವತ್ತು ಸಿಕ್ಕಿತು.

ಕಾರನ್ನು ನಾಲ್ಕು ದಿನ ಇಟ್ಟುಕೊಂಡು ಡಿಸ್ಕು, ಪ್ಯಾಡು, ಹಿಂದಿನ ಬ್ರೇಕು ಎಲ್ಲ ಹೊಸತು ಮಾಡಿದೆ. ಮೀಟರಿನ ಕೇಬಲ್ಲಿನ ತಿರುಗಣಿಯನ್ನು ಕೈಯಲ್ಲಿ ಬಿಚ್ಚಲಾಗದ ಹಾಗೆ ಸ್ಪ್ಯಾನರ್ ಹಾಕಿ ಬಿಗಿದೆ. ಶಂಭಣ್ಣನ ಅಳಿಯ ಬಂದು ತೆಗೆದುಕೊಂಡು ಹೋದ. ಆಮೇಲೆ ಸುದ್ದಿ ಇಲ್ಲ. ರಸ್ತೆಯಲ್ಲಿ ಹಾರನ್ ಕೇಳಿದರೆ ತಲೆ ಎತ್ತುತ್ತಿದ್ದೆ, ಅದು ಬೇರೆ ಯಾರೋ ಆಗಿರುತ್ತಿದ್ದರು. ನೀಲಕ್ಕನ ಸುತ್ತು ನಿಂತಿತು, ನಿಲ್ಲಿಸಿದವನು ನಾನೇ ಎಂದು ಊಟ ಸೇರುತ್ತಿರಲಿಲ್ಲ.

ಆಟಿ ಮುಗಿದು ಸೋಣ ತಿಂಗಳು ಬಂತು. ಒಂದು ಬೆಳಿಗ್ಗೆ ಬಿಳಿ ಕಾರು ಬಂದು ಗ್ಯಾರೇಜಿನ ಎದುರು ನಿಂತಿತು. ನೀಲಕ್ಕ ಒಬ್ಬರೇ.

“ಶಂಭಣ್ಣ?” ಎಂದೆ.

“ಸಿಟ್ಟಿನಲ್ಲೇ ಇದ್ದಾರೆ. ನನಗಿಂತ ನಿಮ್ಮ ಮೇಲೆ ಜಾಸ್ತಿ. ನನ್ನ ಹತ್ತಿರವೂ ಹತ್ತು ದಿನ ಮಾತಾಡ್ಲಿಲ್ಲ.” ಪಕ್ಕದ ಸೀಟಿನಿಂದ ಉದ್ದದ ನೋಟ್ ಪುಸ್ತಕ ತೆಗೆದು ಕೊಟ್ಟರು. “ಇದನ್ನು ನಿಮಗೆ ತೋರಿಸ್ಲಿಕ್ಕೆ ಹೇಳಿದ್ದಾರೆ. ನಾನು ಇನ್ನೂ ನೋಡ್ಲಿಲ್ಲ, ಹೆದರಿಕೆ ಆಗ್ತದೆ.”

ಕೈ ಒರೆಸಿಕೊಂಡು ಪುಟ ತಿರುಗಿಸಿದೆ. ಮೀಟರಿನ ಹಳೆಯ ಅಂಕೆಗೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಹದಿನಾಲ್ಕು ಸಾವಿರದ ಐನೂರ ಎಂಬತ್ತು ಕೂಡಿಸಿದ್ದರು. ಮುಂದಿನ ಬ್ರೇಕ್ ತಪಾಸಣೆ ಎಂಬಲ್ಲಿ ಅಂಕೆ ಇರಲಿಲ್ಲ, ‘ಹನೀಫ ಹೇಳಿದ ದಿನ’ ಎಂದಿತ್ತು. ಅದನ್ನು ಎರಡು ಸಲ ಓದಿದೆ. ಅದರ ಕೆಳಗೆ ಅಂದಿನ ತಾರೀಕು ಹಾಕಿ, ಕಾರು ಹೊರಡುವ ಮೊದಲೇ ಒಂದು ಸಾಲು ಬರೆದಿಟ್ಟಿದ್ದರು. ನಾನು ಅದನ್ನು ಗಟ್ಟಿಯಾಗಿ ಓದಿದೆ, ನೀಲಕ್ಕ ಸ್ಟೇರಿಂಗ್ ಹಿಡಿದು ಎದುರಿನ ರಸ್ತೆ ನೋಡುತ್ತ ಕೇಳಿದರು.

“ಮೂಡುಬಿದಿರೆಯಿಂದ ಮೂಡುಬಿದಿರೆಗೆ. ತೊಂಬತ್ತು ಕಿಲೋಮೀಟರ್. ಕಾರಣ, ನೀಲಾವತಿ.”